ಸೀಲು ಒಡೆಯದೆ ಇಟ್ಟ ಮೂರು ವಾರ

ತಲೆನೋವಿನ ಡೈರಿಯನ್ನು ಮಕ್ಕಳ ಕೈಗೆ ಕೊಟ್ಟ ಮೊದಲ ಎರಡು ವಾರದಲ್ಲಿ ನನಗೆ ಗೊತ್ತಾದದ್ದು ಇಷ್ಟು: ಮಕ್ಕಳು ತಲೆ ನೋಯುವ ದಿನ ಬರೆಯುವುದಿಲ್ಲ, ನಾನು ಬರುವ ದಿನ ಬರೆಯುತ್ತಾರೆ. ಒಂದು ಶಾಲೆಯಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ಎರಡು ವಾರದ ಹಾಳೆಗಳನ್ನು ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು ತುಂಬಿಟ್ಟಿದ್ದ. ಇನ್ನೂ ಬಾರದ ಗುರುವಾರಕ್ಕೂ ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ತಲೆನೋವು ಎಂದು ಗುರುತು ಹಾಕಿದ್ದ. ಕೇಳಿದರೆ, ಗುರುವಾರ ಆ ಹೊತ್ತಿಗೆ ಗಣಿತ ಇರುತ್ತದೆ, ನೋವು ಬಂದೇ ಬರುತ್ತದೆ ಎಂದ. ಇನ್ನೊಂದು ಶಾಲೆಯ ಹುಡುಗಿಯ ಹಾಳೆಗಳು ಅಂಗಿಯ ಜೊತೆ ಒಗೆತಕ್ಕೆ ಹೋಗಿ ಉಂಡೆಯಾಗಿದ್ದವು. ಮತ್ತೊಬ್ಬಳು ತನ್ನ ನೋವಿನ ಜೊತೆ ತಂಗಿಯ ನೋವನ್ನೂ ಸೇರಿಸಿ ಬರೆದಿದ್ದಳು, ಜಾಗ ಉಳಿದಿತ್ತು ಎಂದು.

ಕೆಲಸ ಒಂದು ವೈದ್ಯಕೀಯ ಕಾಲೇಜಿನ ನರರೋಗ ವಿಭಾಗದ್ದು. ಹದಿಹರೆಯದ ಮಕ್ಕಳಿಗೆ ತಲೆನೋವು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಅದರ ಹಿಂದೆ ಮುಂದೆ ಏನು ನಡೆದಿರುತ್ತದೆ ಎಂಬುದನ್ನು ಅವರ ಕೈಯಿಂದಲೇ ಹನ್ನೆರಡು ವಾರ ಬರೆಸಬೇಕಿತ್ತು. ಹಾನಗಲ್ ತಾಲ್ಲೂಕಿಗೆ ಅಕ್ಕಿಆಲೂರು, ಶಿಗ್ಗಾವಿಗೆ ದುಂಡಸಿ, ಸವಣೂರಿಗೆ ಯಲವಿಗಿ, ಹಿರೇಕೆರೂರು ತಾಲ್ಲೂಕಿಗೆ ಒಂದು ಹಳ್ಳಿ. ಆ ಹಳ್ಳಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದೊಂದು ಊರಿನಲ್ಲಿ ಹತ್ತು ಮಕ್ಕಳು. ಹೆಸರಿನ ಬದಲು ನಂಬರು. ಹಾನಗಲ್ಲಿನಲ್ಲಿ ನನಗೊಂದು ಸಣ್ಣ ಕೋಣೆ, ಒಂದು ಟೇಬಲ್ಲು, ಕೀಲಿ ಹಾಕುವ ಕಬ್ಬಿಣದ ಅಲಮಾರಿ ಕೊಟ್ಟಿದ್ದರು. ಉಳಿದದ್ದೆಲ್ಲ ಬಸ್ಸಿನಲ್ಲೇ.

ಡೈರಿ ಎಂದರೆ ಪುಸ್ತಕವೇನೂ ಅಲ್ಲ. ವಾರಕ್ಕೊಂದು ದಪ್ಪ ಹಾಳೆ. ಏಳು ಅಡ್ಡ ಸಾಲು, ದಿನಕ್ಕೊಂದು. ನೋವು ಶುರುವಾದ ಹೊತ್ತು, ಬಿಟ್ಟ ಹೊತ್ತು, ಸೊನ್ನೆಯಿಂದ ಹತ್ತರವರೆಗೆ ಎಷ್ಟು ನೋವು, ತಲೆಯ ಚಿತ್ರದ ಮೇಲೆ ಎಲ್ಲಿ ನೋವು, ವಾಂತಿ ಬಂತೇ, ಬೆಳಕು ಚುಚ್ಚಿತೇ, ಊಟ ಬಿಟ್ಟಿದ್ದೆಯಾ, ಎಷ್ಟು ನಿದ್ದೆ, ಎಷ್ಟು ಹೊತ್ತು ಮೊಬೈಲು, ಯಾವ ಮಾತ್ರೆ. ಕೊನೆಯಲ್ಲಿ 'ಇತರೆ' ಎಂಬ ಖಾಲಿ ಜಾಗ. ನಾಲ್ಕು ವಾರಕ್ಕೊಮ್ಮೆ ಮಕ್ಕಳು ನನ್ನೆದುರು ನಾಲ್ಕು ಹಾಳೆ ಎಣಿಸಿ ಕಂದು ಕವರಿಗೆ ಹಾಕಿ, ಅಂಟಿಸಿ, ಅಂಟಿನ ಮೇಲೆ ನಂಬರು ಬರೆದು ಕೊಡಬೇಕು. ಅದೇ ಸೀಲು. ಹನ್ನೆರಡು ವಾರ ಮುಗಿದ ಮೇಲೆ ಎಲ್ಲ ಕವರೂ ಕಾಲೇಜಿಗೆ ಹೋಗಿ, ಅಲ್ಲಿ ಒಡೆದು, ಕಂಪ್ಯೂಟರಿಗೆ ಏರಿಸುವುದು. ಮೊದಲ ಎರಡು ವಾರ ಮಾತ್ರ ಬರೆಯುವ ರೀತಿ ಸರಿಯಿದೆಯೇ ಎಂದು ನೋಡಲು ನನಗೆ ಅನುಮತಿ. ಆಮೇಲೆ ನಾನು ಓದುವಂತಿಲ್ಲ.

ಯಾಕೆ ಎಂದು ತರಬೇತಿಯ ದಿನ ನಾನೇ ಕೇಳಿದ್ದೆ. ಈ ಕೆಲಸದ ಮುಖ್ಯಸ್ಥರಾಗಿದ್ದ ಡಾಕ್ಟರು ಸಮಾಧಾನದಿಂದ ಹೇಳಿದರು. ನಾನು ಓದಿ ಒಂದು ಸಲ ಅಯ್ಯೋ ಅಂದರೂ ಸಾಕು, ಮರುದಿನದಿಂದ ಮಕ್ಕಳು ನನ್ನ ಮುಖ ನೋಡಿ ನೋವು ಬರೆಯುತ್ತಾರೆ, ಬರೆದದ್ದು ಕೆಟ್ಟುಹೋಗುತ್ತದೆ. ಮಾತು ಸರಿಯಾಗಿತ್ತು. ಅದೇ ದಿನ ತಲೆನೋವಿನ ಅಪಾಯದ ಗುರುತುಗಳನ್ನೂ ಹೇಳಿಕೊಟ್ಟರು. ಬೆಳಿಗ್ಗೆ ಏಳುವಾಗಲೇ ಇರುವ ನೋವು, ವಾಂತಿಯಾದ ಮೇಲೆ ಹಗುರಾಗುವ ನೋವು, ಕೆಮ್ಮಿದರೆ ಬಗ್ಗಿದರೆ ಹೆಚ್ಚುವ ನೋವು, ಒಂದು ಎರಡಾಗಿ ಕಾಣುವುದು, ನಡಿಗೆ ತಪ್ಪುವುದು. ನಾನು ಅವನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು ಬಾಯಿಪಾಠ ಮಾಡಿದ್ದೆ. ಸೇರಿಸಿಕೊಳ್ಳುವ ದಿನ ಪ್ರತಿ ಮಗುವಿಗೂ ಒಂದೊಂದಾಗಿ ಕೇಳಿ 'ಇಲ್ಲ' ಎಂದು ಗುರುತು ಹಾಕಿದೆ. ಆ ಗುರುತು ಹಾಕುವುದು ಒಂದೇ ಸಲ. ಮತ್ತೆ ಕೇಳಬೇಕೆಂದು ಎಲ್ಲೂ ಬರೆದಿರಲಿಲ್ಲ.

ಬರೆಸುವ ರೀತಿಯನ್ನು ಸರಿಮಾಡಲು ನನಗೆ ಒಂದು ತಿಂಗಳು ಹಿಡಿಯಿತು. ನೋವಿಲ್ಲದ ದಿನವೂ ಒಂದು ಅಡ್ಡಗೆರೆ ಎಳೆಯಿರಿ, ಗೆರೆಯೂ ಉತ್ತರವೇ ಎಂದು ಹೇಳಿದೆ. ಅದಾದ ಮೇಲೆ ಸುಳ್ಳು ನೋವುಗಳು ಇಳಿದವು ಎಂದು ಕೊನೆಗೆ ಕವರುಗಳನ್ನು ಒಡೆದಾಗ ತಿಳಿಯಿತು. ಕೊನೆಯ ಗಂಟೆಗೆ ಐದು ನಿಮಿಷ ಮೊದಲು ಈ ಹತ್ತು ಮಕ್ಕಳು ಒಂದು ಕಡೆ ಕೂತು ಆ ದಿನದ ಸಾಲನ್ನು, ಸೋಮವಾರ ಭಾನುವಾರದ್ದನ್ನೂ, ತುಂಬಲಿ ಎಂದು ನಾಲ್ಕೂ ಕಡೆ ಮುಖ್ಯೋಪಾಧ್ಯಾಯರನ್ನು ಒಪ್ಪಿಸಿದೆ. ಹಾಳೆಗಳನ್ನು ಮನೆಗೆ ಒಯ್ಯದೆ ಶಾಲೆಯಲ್ಲೇ ಇಡಲು ಪ್ಲಾಸ್ಟಿಕ್ ಚೀಲ ಕೊಡಿಸಿದೆ. 'ಇತರೆ' ಎಂಬಲ್ಲಿ ಏನು ಬರೆಯುವುದು ಎಂದು ಎಲ್ಲರೂ ಕೇಳುತ್ತಿದ್ದರು. ತಲೆನೋವಿನ ಜೊತೆ ಮೈಯಲ್ಲಿ ಏನೇ ಆದರೂ ನಿಮ್ಮ ಮಾತಿನಲ್ಲೇ ಬರೆಯಿರಿ, ಯಾರೂ ಬಯ್ಯುವುದಿಲ್ಲ, ಮನೆಯವರಿಗೂ ತೋರಿಸುವುದಿಲ್ಲ ಎಂದು ಮಾತು ಕೊಟ್ಟೆ.

ಹಿರೇಕೆರೂರು ತಾಲ್ಲೂಕಿನ ಮಕ್ಕಳು ಎಲ್ಲರಿಗಿಂತ ಚೆನ್ನಾಗಿ ಬರೆದರು. ಅವರಲ್ಲಿ ಮೂವತ್ತೊಂದನೇ ನಂಬರಿನವಳು ಒಂಬತ್ತನೆಯ ತರಗತಿಯ ಹುಡುಗಿ. ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆ. ಅವರ ಮನೆಯವರು ತಮ್ಮ ತುಂಡು ಹೊಲದಲ್ಲಿ ಬೆಂಡೆಯ ಬೀಜದ ಪ್ಲಾಟು ಮಾಡಿದ್ದರು, ಕಂಪನಿಗೆ ಹೈಬ್ರಿಡ್ ಬೀಜ ಬೆಳೆದು ಕೊಡಲು. ಆ ಕಡೆ ಇದು ಹೊಸದಲ್ಲ. ಸಂಜೆ ನಾಳೆ ಅರಳುವ ಮೊಗ್ಗನ್ನು ಹುಡುಕಿ, ಸಿಪ್ಪೆ ಬಿಡಿಸಿ, ಒಳಗಿನ ಗಂಡು ಎಳೆಗಳನ್ನು ಕೆರೆದು ತೆಗೆದು, ಗುರುತಿಗೆ ಕೆಂಪು ಕಾಗದ ಸಿಗಿಸಬೇಕು. ಮರುದಿನ ಬೆಳಿಗ್ಗೆ ಬೇರೆ ಸಾಲಿನ ಹೂವಿನ ಪುಡಿಯನ್ನು ಅದಕ್ಕೆ ತಾಗಿಸಬೇಕು. ಕ್ರಾಸಿಂಗ್ ಎಂದೇ ಎಲ್ಲರೂ ಕರೆಯುತ್ತಾರೆ. ಸಣ್ಣ ಬೆರಳು, ಚುರುಕು ಕಣ್ಣು ಬೇಕಾದ ಕೆಲಸ. ಹುಡುಗಿ ಶಾಲೆಗೆ ಮೊದಲು ಒಂದು ಹೊತ್ತು, ಶಾಲೆ ಬಿಟ್ಟ ಮೇಲೆ ಒಂದು ಹೊತ್ತು ಅವ್ವನ ಜೊತೆ ಅದನ್ನು ಮಾಡುತ್ತಿದ್ದಳು. ಸೇರಿಸಿಕೊಂಡಾಗ ಅವಳಿಗಿದ್ದದ್ದು ವಾರಕ್ಕೊಂದು ಸಲ ಸಂಜೆಯ ತಲೆನೋವು. ನನ್ನ ಪಟ್ಟಿಯ ಸಾಮಾನ್ಯ ನೋವುಗಳಲ್ಲಿ ಒಂದು.

ಎಂಟನೇ ವಾರ ಮುಗಿದ ಬುಧವಾರ ಎರಡನೇ ಕವರುಗಳನ್ನು ತೆಗೆದುಕೊಳ್ಳಲು ಹೋದೆ. ಹತ್ತೂ ಮಕ್ಕಳು ಜಗುಲಿಯಲ್ಲಿ ಸಾಲಾಗಿ ಕೂತಿದ್ದರು. ಅವಳ ಸರದಿ ಬಂದಾಗ ಹಾಳೆಗಳನ್ನು ನನ್ನ ಕಡೆಗೆ ತಿರುಗಿಸಿ ಹಿಡಿದಳು. ನಾಲ್ಕೂ ಹಾಳೆ ಸಣ್ಣ ಅಕ್ಷರಗಳಿಂದ ತುಂಬಿದ್ದವು. 'ಇತರೆ' ಜಾಗ ಸಾಲದೆ ಅಂಚಿನಲ್ಲೂ ಬರೆದಿದ್ದಳು. ತುಂಬಿದ್ದು ಕಂಡಿತು, ಅಷ್ಟೇ. ನಿಯಮ ಪಾಲಿಸಿ ಕಣ್ಣು ಬೇರೆ ಕಡೆ ಹೊರಳಿಸಿದೆ. ಭಾಳ ಚಲೋ ಬರದಿ ಎಂದೆ. ಉಳಿದವರಿಗೆ ಕೇಳುವಂತೆಯೇ ಎಂದೆ.

ಅವಳು ಹಾಳೆಗಳನ್ನು ಕವರಿಗೆ ಹಾಕದೆ ನಿಂತಳು.

"ಅಕ್ಕಾರ, ಇದನ್ನ ನೀವು ಓದ್ತೀರೇನ್ರಿ?"

"ಈಗ ಓದಂಗಿಲ್ಲವಾ. ಎಲ್ಲಾ ಮುಗದ ಮ್ಯಾಲ ದೊಡ್ಡ ಡಾಕ್ಟರು ಓದ್ತಾರ."

"ಅದು ಯಾವಾಗ್ರಿ?"

"ಇನ್ನೊಂದು ತಿಂಗಳು."

ಹ್ಞೂಂ ಎಂದಳು. ಹಾಳೆಗಳನ್ನು ಹಾಕಿ, ಅಂಟು ಸವರಿ, ಅದರ ಮೇಲೆ ಮೂವತ್ತೊಂದು ಎಂದು ಬರೆದಳು. ಬರೆಯುವಾಗ ಎಡಗಣ್ಣು ಮುಚ್ಚಿಕೊಂಡಿದ್ದಳು. ಅದನ್ನು ನಾನು ನೋಡಿದೆ. ಬಿಸಿಲು ಹೊಡೆಯುತ್ತಿರಬೇಕು ಎಂದುಕೊಂಡೆ. ಕವರುಗಳನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹಿಡಿದೆ. ಮರುದಿನ ಹಾನಗಲ್ಲಿನ ಅಲಮಾರಿಯಲ್ಲಿ ನಂಬರಿನ ಪ್ರಕಾರ ಜೋಡಿಸಿ ಕೀಲಿ ಹಾಕಿದೆ.

ಆಮೇಲಿನ ಮೂರು ವಾರ ಉಳಿದ ಮೂರು ಊರುಗಳಿಗೆ ತಿರುಗಿದೆ. ಅಕ್ಕಿಆಲೂರಿನ ಇಬ್ಬರು ಮಕ್ಕಳು ಬಿಟ್ಟುಹೋಗುತ್ತೇವೆ ಎಂದು ಕೂತಿದ್ದರು, ಅವರ ಮನೆಗೆ ಎರಡು ಸಲ ನಡೆದೆ. ದುಂಡಸಿಗೆ ಹೋಗಬೇಕಾದ ದಿನ ಶಿಗ್ಗಾವಿಯಲ್ಲಿ ಬಸ್ಸು ತಪ್ಪಿ ಮಧ್ಯಾಹ್ನದವರೆಗೆ ನಿಂತೆ. ಇದೆಲ್ಲ ನನ್ನ ದಿನಚರಿಯಲ್ಲಿದೆ. ಆ ಮೂರು ವಾರದಲ್ಲಿ ನಾನು ಸೋಮಾರಿಯಾಗಿ ಕೂತಿರಲಿಲ್ಲ ಎಂಬುದಕ್ಕೆ ಪುಟಪುಟವೂ ಸಾಕ್ಷಿ.

ಹನ್ನೊಂದನೇ ವಾರ ಮುಗಿಯುವಾಗ ಕೊನೆಯ ಕವರುಗಳನ್ನು ಹಂಚಲು ಮತ್ತೆ ಆ ಹಳ್ಳಿಗೆ ಹೋದೆ. ಅದೂ ಬುಧವಾರ. ಒಂಬತ್ತು ಮಕ್ಕಳಿದ್ದರು. ಮೂವತ್ತೊಂದು ಎಲ್ಲಿ ಎಂದು ಅವಳ ಕ್ಲಾಸಿನ ಮಾಸ್ತರನ್ನು ಕೇಳಿದೆ. ಎಂಟು ದಿನದಿಂದ ಬಂದಿಲ್ಲ ಎಂದರು. ಹಲಗೆಯ ಮೇಲಿನ ಅಕ್ಷರ ಕಾಣುವುದಿಲ್ಲ ಎಂದಳಂತೆ, ಮನೆಯವರು ಪೇಟೆಗೆ ಕರೆದೊಯ್ದು ಚಸ್ಮಾ ಹಾಕಿಸಿದರಂತೆ. ಹಾಕಿದರೂ ಕಾಣುತ್ತಿಲ್ಲವಂತೆ. ಹೊಲದಲ್ಲಿ ಮೊಗ್ಗು ಬಿಟ್ಟು ಎಲೆಯನ್ನು ಕೆರೆಯುತ್ತಾಳೆ ಎಂದು ಅವರಪ್ಪ ಬೈದದ್ದನ್ನು ಮಾಸ್ತರು ನಗುತ್ತಲೇ ಹೇಳಿದರು. ಬೆಳಿಗ್ಗೆ ಎದ್ದ ಕೂಡಲೇ ವಾಂತಿ ಬೇರೆ, ಪಿತ್ತ ಆಗಿದೆ ಅಂತ ಕಷಾಯ ಕುಡಿಸುತ್ತಿದ್ದಾರೆ ಎಂದೂ ಹೇಳಿದರು.

ನೋಟ್ ಪುಸ್ತಕದ ಪುಟ ಇದ್ದ ಹಾಗೇ ಕಣ್ಣೆದುರು ಬಂತು. ಅವಳು ಬರೆದದ್ದನ್ನು ನೋಡದೆ ಡಾಕ್ಟರಿಗೆ ಏನೂ ಹೇಳುವಂತಿಲ್ಲ ಎಂದುಕೊಂಡು, ಮಾಸ್ತರರಿಗೆ ನನ್ನ ಫೋನ್ ನಂಬರ್ ಮತ್ತೊಮ್ಮೆ ಕೊಟ್ಟು, ಸಿಕ್ಕ ಬಸ್ಸು ಹತ್ತಿದೆ. ಹಾನಗಲ್ಲಿಗೆ ಬಂದು ಅಲಮಾರಿ ತೆಗೆದಾಗ ನಾಲ್ಕು ಗಂಟೆ. ಸೀಲು ಒಡೆದರೆ ಆ ಮಗುವಿನ ಡೈರಿ ಲೆಕ್ಕದಿಂದ ಹೋಗುತ್ತದೆ ಎಂದು ನಾನೇ ಸಹಿ ಮಾಡಿದ ಕಾಗದ ಅಲಮಾರಿಯ ಬಾಗಿಲಿನ ಒಳಗಡೆ ಅಂಟಿಸಿತ್ತು. ಅದನ್ನು ಓದಿದೆ. ಆಮೇಲೆ ಮೂವತ್ತೊಂದನೇ ನಂಬರಿನ ಕವರಿನ ಅಂಚು ಹರಿದೆ.

ಐದನೇ ವಾರದ ಹಾಳೆಯಲ್ಲಿ ಸಂಜೆಯ ನೋವು ಬೆಳಿಗ್ಗೆಗೆ ಬಂದಿತ್ತು. 'ಏಳುವಾಗಲೇ ನೋವು. ಎದ್ದು ಕೂತರೆ ಸ್ವಲ್ಪ ಕಡಿಮೆ.' ಆರನೇ ವಾರ: 'ವಾಂತಿ ಆಯಿತು. ಆದ ಮೇಲೆ ತಲೆ ಹಗುರ ಆಯಿತು.' ಇದು ಮೂರು ದಿನ, ಆಮೇಲೆ ದಿನಾ. ಏಳನೇ ವಾರ: 'ಬಗ್ಗಿದರೆ ನೋವು ಹೆಚ್ಚು, ಕಣ್ಣಿಗೆ ಕತ್ತಲೆ ಬರುತ್ತದೆ, ನಿಂತರೆ ಹೋಗುತ್ತದೆ.' 'ಒಂದು ಹೂವು ಎರಡು ಕಾಣುತ್ತದೆ. ಯಾವುದು ಖರೆ ಹೂವು ಎಂದು ಕೈಯಿಂದ ಮುಟ್ಟಿ ನೋಡುತ್ತೇನೆ.' 'ಇವತ್ತು ಒಂದು ಕಣ್ಣು ಮುಚ್ಚಿಕೊಂಡು ಕ್ರಾಸಿಂಗ್ ಮಾಡಿದೆ. ಆಗ ಒಂದೇ ಕಾಣುತ್ತದೆ.' ಎಂಟನೇ ವಾರ: 'ಸಾಲಿನಲ್ಲಿ ನಡೆಯುವಾಗ ಬಲಕ್ಕೆ ವಾಲುತ್ತೇನೆ. ಗಿಡ ಮುರಿಯಿತು. ಅಪ್ಪ ಬೈದರು.' ಕೊನೆಯ ದಿನದ ಅಂಚಿನಲ್ಲಿ: 'ಇದು ತಲೆನೋವೋ ಬೇರೆ ಏನೋ. ಓದಿದವರು ಹೇಳಬೇಕು.'

ತರಬೇತಿಯಲ್ಲಿ ಕಲಿಸಿದ ಗುರುತುಗಳಲ್ಲಿ ಒಂದನ್ನೂ ಅವಳು ಬಿಟ್ಟಿರಲಿಲ್ಲ. ಹೊತ್ತು, ದಿನ, ನೋವಿನ ಅಂಕಿ ಎಲ್ಲ ಸರಿಯಾಗಿ. ನಾನು ಕಲಿಸಿದ ಹಾಗೆಯೇ.

ಡಾಕ್ಟರಿಗೆ ಫೋನು ಮಾಡಿದೆ. ಸೀಲು ಒಡೆದಿರಾ ಎಂದು ಮೊದಲು ಕೇಳಿದರು. ಹೌದು ಎಂದು, ಬೇರೆ ಮಾತಾಡದೆ ಓದುತ್ತಾ ಹೋದೆ. ಏಳನೇ ವಾರಕ್ಕೆ ಬರುವಷ್ಟರಲ್ಲಿ ತಡೆದರು. ಇವತ್ತೇ ಕರೆದುಕೊಂಡು ಬನ್ನಿ, ಆಗದಿದ್ದರೆ ನಾಳೆ ಬೆಳಿಗ್ಗೆ, ಸ್ಕ್ಯಾನಿಗೆ ಹೇಳಿಟ್ಟಿರುತ್ತೇನೆ ಎಂದರು. ನಾನು ಫೋನು ಮಾಡಿ ತಿಳಿಸಿದ ಕೂಡಲೇ ಮಾಸ್ತರರು ಅವಳ ಮನೆಗೆ ಹೋಗಿ ಕೇಳಿದರು. ಅವಳಪ್ಪನ ಉತ್ತರವನ್ನು ಫೋನಿನಲ್ಲಿ ತಿಳಿಸಿದರು. ಕ್ರಾಸಿಂಗ್ ಶನಿವಾರ ಮುಗಿಯುತ್ತದೆ, ಸೋಮವಾರ ಬರುತ್ತೇವೆ ಎಂದಿದ್ದರು. ಅರಳಿದ ಹೂವು ಮರುದಿನಕ್ಕೆ ಕಾಯುವುದಿಲ್ಲ, ಅವರು ಹೇಳಿದ್ದರಲ್ಲಿ ಅವರ ಮಟ್ಟಿಗೆ ತಪ್ಪಿರಲಿಲ್ಲ. ಏನಾಗಿದೆ ಎಂದು ಅವರಿಗೆ ಹೇಳಿದವರಾದರೂ ಯಾರು?

ಮರುದಿನ ಮೊದಲ ಬಸ್ಸಿಗೆ ಹೊರಟೆ. ಮಾಸ್ತರರು ಬೈಕಿನಲ್ಲಿ ಹೊಲದವರೆಗೆ ಬಿಟ್ಟರು. ಸಾಲುಗಳ ತುಂಬ ಕೆಂಪು ಕಾಗದದ ಗುರುತು. ಅವಳಪ್ಪ, ಅವ್ವ ಇಬ್ಬರೂ ಸಾಲಿನಲ್ಲಿದ್ದರು. ಹುಡುಗಿ ಬದುವಿನ ಮೇಲೆ, ಬೇವಿನ ಗಿಡದ ನೆರಳಿನಲ್ಲಿ, ಕುತ್ತಿಗೆಯನ್ನು ಒಂದು ಕಡೆ ಓರೆ ಹಿಡಿದು ಕೂತಿದ್ದಳು. ಹೊಸ ಚಸ್ಮಾ ಮಡಿಲಲ್ಲಿತ್ತು. ನಾನು ಹತ್ತಿರ ಹೋಗಿ ಮಾತಾಡಿಸುವವರೆಗೆ ನಾನೆಂದು ಅವಳಿಗೆ ತಿಳಿಯಲಿಲ್ಲ.

ಅವಳಪ್ಪ ಕೈಯ ಪುಡಿ ಒರೆಸಿಕೊಳ್ಳುತ್ತಾ ಬಂದರು. ನಮ್ಮ ಮುಂದೆ ಕಟುವಾಗಿ ನಡೆದುಕೊಳ್ಳಲಿಲ್ಲ. ಕುಂದ್ರಿ ಎಂದರು, ನೀರು ತರಿಸಿದರು. ಸೋಮವಾರ ಎಂದು ಹೇಳಿದ್ದೇವಲ್ಲ, ನಾಲ್ಕು ದಿನಕ್ಕೆ ಏನಾಗುತ್ತದೆ ಎಂದರು. ನಾನು ರೋಗದ ಹೆಸರು ಹೇಳುವಂತಿರಲಿಲ್ಲ, ನನಗೆ ಗೊತ್ತೂ ಇರಲಿಲ್ಲ. ಹೆದರಿಸಿದರೆ ನಂಬುತ್ತಾರೋ ಇಲ್ಲವೋ. ಆಗ ಚೀಲದಿಂದ ಹಾಳೆಗಳನ್ನು ತೆಗೆದೆ. ಮನೆಯವರಿಗೆ ತೋರಿಸುವುದಿಲ್ಲ ಎಂದು ಕೊಟ್ಟ ಮಾತು ನೆನಪಿಗೆ ಬಂದು ಹುಡುಗಿಯ ಕಡೆ ತಿರುಗಿದೆ.

"ಓದ್ಲೇನವಾ?"

"ಓದ್ರಿ."

ಬದುವಿನ ಮೇಲೆ ಕೂತು ಓದಿದೆ. ಅವಳವ್ವನಿಗೆ ಓದು ಬರಹ ಬಾರದು. ಸೊಂಟಕ್ಕೆ ಕಟ್ಟಿದ್ದ ಚೀಲವನ್ನೂ ಬಿಚ್ಚದೆ ನಿಂತೇ ಕೇಳಿದರು. ಕೈಯಿಂದ ಮುಟ್ಟಿ ನೋಡುತ್ತೇನೆ ಎಂಬ ಸಾಲಿಗೆ ಬಂದಾಗ ಆ ತಾಯಿ ಮಗಳ ಎದುರು ಬಂದು ಕೂತರು.

"ಇಷ್ಟೆಲ್ಲಾ ಆಗಾಕತ್ತಿದ್ರ ನನ್ನ ಮುಂದ ಯಾಕ ಹೇಳ್ಲಿಲ್ಲ?"

"ಹೇಳಿದ್ನಲ್ಲ ಯವ್ವಾ. ನೀ ಮಾತ್ರಿ ಕೊಟ್ಟಿ." ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಅಕ್ಕಾರು ಬರಿ ಅಂದಿದ್ರು. ದಿನಾ ಬರದ್ನಿ."

ಅವಳಪ್ಪ ಪ್ಲಾಟಿನ ಕಡೆ ಒಮ್ಮೆ ನೋಡಿ, ಗಾಡಿ ಹೇಳಲು ಊರ ಕಡೆ ನಡೆದರು. ಹೊರಡುವಾಗ ಹುಡುಗಿಯನ್ನು ಇಬ್ಬರು ಹಿಡಿದುಕೊಂಡು ನಡೆಸಬೇಕಾಯಿತು. ದಾರಿಯುದ್ದಕ್ಕೂ ತಾಯಿಯ ತೊಡೆಯ ಮೇಲೆ ಮಲಗಿಸಲು ನೋಡಿದೆವು. ಮಲಗಿದರೆ ನೋವು ಹೆಚ್ಚಾಗುತ್ತದೆ ಎಂದು ಕೂತೇ ಬಂದಳು. ಅದೂ ಐದನೇ ವಾರದ ಹಾಳೆಯಲ್ಲಿತ್ತು.

ಮಧ್ಯಾಹ್ನ ಸ್ಕ್ಯಾನ್ ಆಯಿತು. ಮಿದುಳಿನ ಹಿಂಭಾಗದಲ್ಲಿ ಗಡ್ಡೆ. ಅದು ಒಳಗಿನ ನೀರು ಹರಿಯುವ ದಾರಿಯನ್ನು ಕಟ್ಟಿತ್ತು. ನೀರು ತುಂಬಿ ಒತ್ತಡ ಏರಿ, ಕಣ್ಣಿನ ನರಗಳು ವಾರಗಟ್ಟಲೆ ಆ ಒತ್ತಡದಲ್ಲಿ ಊದಿ ಕೂತಿದ್ದವು. ಅಂದೇ ನೀರನ್ನು ಹೊರಗೆ ಬಿಡಲು ಕೊಳವೆ ಹಾಕಿದರು. ಐದು ದಿನದ ಮೇಲೆ ದೊಡ್ಡ ಆಪರೇಷನ್ ಮಾಡಿ ಗಡ್ಡೆ ತೆಗೆದರು. ಕೆಟ್ಟ ಜಾತಿಯದಲ್ಲ, ಪೂರ್ತಿ ಬಂದಿದೆ ಎಂದರು. ವಾರ್ಡಿನ ಹೊರಗೆ ಅವಳವ್ವ ನನ್ನ ಎರಡೂ ಕೈಗಳನ್ನು ಹಿಡಿದುಕೊಂಡು ಹಣೆಗೆ ಒತ್ತಿಕೊಂಡರು. ನಾನು ಕೈ ಬಿಡಿಸಿಕೊಳ್ಳಲಿಲ್ಲ.

ತಲೆನೋವು ಹೋಯಿತು, ವಾಂತಿ ನಿಂತಿತು. ಕಣ್ಣು ಬರಲಿಲ್ಲ. ಎಡಗಣ್ಣಿಗೆ ಬೆಳಕು ಕೂಡ ಇಲ್ಲ, ಬಲಗಣ್ಣಿಗೆ ಮುಖದ ಹತ್ತಿರ ಕೈ ಆಡಿಸಿದರೆ ಅದು ತಿಳಿಯುತ್ತದೆ, ಅಷ್ಟೇ. ಇನ್ನು ಹೆಚ್ಚು ಬರುವ ಭರವಸೆ ಇಲ್ಲವೆಂದು ಕಣ್ಣಿನ ಡಾಕ್ಟರು ಹೇಳಿದ ದಿನ ನಾನು ಅವರ ಕೋಣೆಯಲ್ಲಿ ಒಬ್ಬಳೇ ಉಳಿದೆ. ಮೂರು ವಾರ ಮೊದಲು ಬಂದಿದ್ದರೆ ಎಂದು ಕೇಳಿದೆ. ಅವರು ಬಾಯಿಗೆ ಬಂದದ್ದನ್ನು ಹೇಳುವವರಲ್ಲ. ಸ್ವಲ್ಪ ಹೊತ್ತು ಕಡತ ತಿರುವಿದರು. ಖಚಿತವಾಗಿ ಹೇಳಲಾಗದು, ಬಲಗಣ್ಣು ಬಹುಶಃ ಓದುವಷ್ಟು ಉಳಿಯುತ್ತಿತ್ತು ಎಂದರು. ಯಾಕೆ ಮೂರು ವಾರ ಎಂದೇ ಕೇಳುತ್ತಿದ್ದೀರಿ ಎಂದೂ ಕೇಳಿದರು. ಸುಮ್ಮನೆ ಎಂದೆ.

ಹನ್ನೆರಡು ವಾರ ಮುಗಿದವು. ಉಳಿದ ಮಕ್ಕಳ ಕವರುಗಳು ಕಾಲೇಜಿಗೆ ಹೋದವು. ಕಾಲೇಜಿನಲ್ಲಿ ಸಭೆ ಕರೆದಾಗ ನಾನು ಎರಡು ಮಾತು ಹೇಳಿದೆ. ಹಾಳೆಯ ತಲೆಯಲ್ಲೇ ಅಪಾಯದ ಗುರುತುಗಳನ್ನು ಮಕ್ಕಳಿಗೆ ತಿಳಿಯುವಂತೆ ಅಚ್ಚು ಹಾಕಬೇಕು, ಮತ್ತು ವಾರವಾರವೂ ಯಾರಾದರೂ ಒಬ್ಬರು ಓದಲೇಬೇಕು. ಡಾಕ್ಟರು ಎರಡನ್ನೂ ಒಪ್ಪಿದರು, ಮುಂದಿನ ಸುತ್ತಿಗೆ. ಅವರೂ ನಿದ್ದೆಗೆಟ್ಟದ್ದು ಮುಖದಲ್ಲಿ ಕಾಣುತ್ತಿತ್ತು, ಅದನ್ನು ಇಲ್ಲಿ ಹೇಳಬೇಕು. ಮೂವತ್ತೊಂದನೇ ನಂಬರಿನ ಡೈರಿಯನ್ನು ತೆಗೆದಿಟ್ಟರು. ಗಡ್ಡೆಯಿಂದ ಬಂದ ತಲೆನೋವು ಈ ಅಧ್ಯಯನದ ತಲೆನೋವಲ್ಲ. ಹೀಗೆ ನಾಲ್ಕು ತಾಲ್ಲೂಕಿನಲ್ಲಿ ಕಣ್ಣು ಕಾಣುವವರೆಗೆ ಒಂದು ದಿನವೂ ತಪ್ಪದೆ, ಒಂದು ಸುಳ್ಳೂ ಇಲ್ಲದೆ ಬರೆದ ಡೈರಿ ಲೆಕ್ಕಕ್ಕೆ ಬರಲಿಲ್ಲ. ಗಣಿತದ ಗುರುವಾರಗಳು ಬಂದವು.

ಆಮೇಲೆ ಕಾಲೇಜಿನ ಸಮಿತಿಗೆ ಒಂದು ವರದಿ ಹೋಗಬೇಕಿತ್ತು. ಅರ್ಧ ಪುಟ. ಯಾರು ಬರೆದರೋ, ನನ್ನ ಮುಂದೆ ಬಂದಾಗ ಟೈಪ್ ಆಗಿತ್ತು. ಭಾಗವಹಿಸಿದ ಒಬ್ಬ ವಿದ್ಯಾರ್ಥಿನಿಯಲ್ಲಿ ಅಪಾಯದ ಲಕ್ಷಣಗಳು ಕಂಡುಬಂದದ್ದನ್ನು ಕ್ಷೇತ್ರ ಕಾರ್ಯಕರ್ತೆ ಗುರುತಿಸಿ, ಸಮಯಕ್ಕೆ ಸರಿಯಾಗಿ ಉನ್ನತ ಚಿಕಿತ್ಸೆಗೆ ಕಳುಹಿಸಿದರು ಎಂದಿತ್ತು. ಕೆಳಗೆ ನನ್ನ ಸಹಿಗೆ ಜಾಗ. ಸಮಯಕ್ಕೆ ಸರಿಯಾಗಿ ಎಂಬ ಮಾತಿನ ಮೇಲೆ ಬೆರಳಿಟ್ಟೆ. ಕವರು ನನ್ನ ಬಳಿ ಇಪ್ಪತ್ತೊಂದು ದಿನ ಇತ್ತು ಎಂದೆ. ನೀವು ನಿಯಮ ಮುರಿದು ಒಡೆದಿದ್ದಕ್ಕೇ ಹುಡುಗಿ ಉಳಿದಳು, ಇಪ್ಪತ್ತೊಂದು ದಿನ ಎಂದು ಬರೆದರೆ ನಿಮಗೂ ತೊಂದರೆ, ಮುಂದಿನ ಸುತ್ತೂ ನಿಲ್ಲುತ್ತದೆ ಎಂದು ಕಚೇರಿಯವರು ತಿಳಿಹೇಳಿದರು. ನನ್ನ ಒಳಿತಿಗೇ ಹೇಳಿದರು. ಸಹಿ ಹಾಕಿದೆ.

ಸಹಿ ಹಾಕಿದ ಮೇಲೆ ಎಷ್ಟೋ ದಿನ ಅನ್ನ ಸೇರಲಿಲ್ಲ ಎಂದೇನೂ ಬರೆಯುವುದಿಲ್ಲ. ಉಂಡೆ, ಬಸ್ಸು ಹತ್ತಿದೆ, ಕೆಲಸ ಮಾಡಿದೆ. ಆದರೆ ಆ ಊರಿನ ಸುದ್ದಿ ಕಿವಿಗೆ ಬೀಳತೊಡಗಿತು. ಅವಳವ್ವ ಸಿಕ್ಕಸಿಕ್ಕವರ ಮುಂದೆ ನನ್ನ ಹೆಸರು ಹೇಳುತ್ತಿದ್ದಾರೆ, ಬರೆದದ್ದನ್ನು ಓದಿದ ಕೂಡಲೇ ಓಡಿ ಬಂದು ಮಗಳನ್ನು ಉಳಿಸಿದರು ಎನ್ನುತ್ತಿದ್ದಾರೆ ಎಂದು ಮಾಸ್ತರರು ಫೋನು ಮಾಡಿದಾಗಲೆಲ್ಲ ಹೇಳುತ್ತಿದ್ದರು. ಓದಿದ ಕೂಡಲೇ ಎಂಬುದು ಸುಳ್ಳಲ್ಲ. ಅದಕ್ಕೇ ಅದನ್ನು ಕೇಳುವುದು ಕಷ್ಟವಾಯಿತು. ಕಾಗದದಲ್ಲಿ ಹೇಳಲಾಗದ್ದನ್ನು ಆ ಮನೆಗಾದರೂ ಹೇಳಿ ಬರಬೇಕೆಂದು ಒಂದು ಭಾನುವಾರ ಹೊರಟೆ.

ಹುಡುಗಿ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ಕೂತು ಅವರೆ ಕಾಳು ಬಿಡಿಸುತ್ತಿದ್ದಳು. ಕೂದಲು ಮೋಟಾಗಿ ಬೆಳೆದಿತ್ತು. ಕಾಲಸಪ್ಪಳಕ್ಕೆ ತಲೆ ಎತ್ತಿದಳು, ನಾನು ಮಾತಾಡಿದ ಮೇಲೆ ನಕ್ಕಳು. ಶಾಲೆ ಬಿಟ್ಟಾಗಿತ್ತು. ಬೇರೆ ಊರಿನ ವಿಶೇಷ ಶಾಲೆಯ ವಿಷಯವನ್ನು ಮಾಸ್ತರರು ಎತ್ತಿದ್ದರು, ಅಷ್ಟು ದೂರ ಹೆಣ್ಣು ಹುಡುಗಿಯನ್ನು ಬಿಡಲು ಮನೆಯವರಿಗೆ ಮನಸ್ಸಿರಲಿಲ್ಲ. ಅವಳವ್ವ ಚಾಪೆ ಹಾಸಿದರು, ಚಹಾ ಮಾಡಿದರು, ನೆರೆಮನೆಯಾಕೆಯನ್ನು ಕರೆದು ಇವರೇ ನೋಡು ಎಂದು ತೋರಿಸಿದರು. ನೆರೆಮನೆಯಾಕೆ ಹೋಗುವವರೆಗೆ ಕಾದೆ.

ಆಮೇಲೆ ಹೇಳಿದೆ. ಕವರು ಯಾವ ದಿನ ನನ್ನ ಕೈಗೆ ಬಂತು, ಯಾವ ದಿನ ಒಡೆದೆ, ನಡುವೆ ಎಷ್ಟು ದಿನ, ಅಷ್ಟು ದಿನ ಅದು ಎಲ್ಲಿತ್ತು. ಕಣ್ಣಿನ ಡಾಕ್ಟರು ಹೇಳಿದ್ದನ್ನೂ ಹೇಳಿದೆ. ನಿಯಮದ ಮಾತು ಬಾಯಿಗೆ ಬಂತು, ಅದನ್ನು ನುಂಗಿಕೊಂಡೆ.

ಆ ತಾಯಿ ನನ್ನ ಕಡೆ ತಿರುಗಿ ಕೇಳಿದರು.

"ಮೂರು ವಾರ ಕೀಲಿ ಹಾಕಿ ಇಟ್ಟಿದ್ರಿ?"

"ಹೌದ್ರಿ."

ನನ್ನ ಮುಂದಿದ್ದ ಚಹಾದ ಬಟ್ಟಲನ್ನು ಎತ್ತಿಕೊಂಡು ಒಳಗೆ ಹೋದರು. ಅರ್ಧ ಚಹಾ ಅದರಲ್ಲೇ ಇತ್ತು. ಒಳಗೆ ಪಾತ್ರೆ ತೊಳೆಯುವ ಸದ್ದು ಕೇಳಿತು. ಸದ್ದು ನಿಂತ ಮೇಲೂ ಅವರು ಹೊರಗೆ ಬರಲಿಲ್ಲ.

ಹುಡುಗಿ ಕಾಳು ಬಿಡಿಸುವುದನ್ನು ನಿಲ್ಲಿಸಿರಲಿಲ್ಲ. ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ, ಬೆರಳು ತಪ್ಪುತ್ತಿರಲಿಲ್ಲ. ನನ್ನ ಕಡೆ ಮುಖ ತಿರುಗಿಸದೆ, ಒಳಗೆ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದಳು.

"ನನಗ ಮೊದಲ ಗೊತ್ತಿತ್ರಿ. ಕವರ್ ಯಾವಾಗ ಕೊಟ್ಟೆ ಅನ್ನೂದು ನನಗ ನೆನಪಿರಂಗಿಲ್ಲೇನ್ರಿ? ಅವ್ವಗ ಹೇಳಿರಲಿಲ್ಲ. ಯಾರೋ ಒಬ್ರು ಚಲೋದು ಮಾಡ್ಯಾರ ಅಂತ ಆಕಿಗೆ ಇರ್ಲಿ ಅಂತ ಬಿಟ್ಟಿದ್ನಿ." ಒಂದು ಕಾಯಿ ಬಿಡಿಸಿ ಕಾಳನ್ನು ಮೊರಕ್ಕೆ ಹಾಕಿದಳು. "ಈಗ ಆಕಿಗೆ ಅದೂ ಇಲ್ದಂಗಾತ್ರಿ."